ಮಹಾಮಾರಿಯ ನಡುವೆ ಸಾವಿತ್ರಿಬಾಯಿ

ಸಾವಿತ್ರಿಬಾಯಿ ಫುಲೆ ಎಂದೊಡನೆ ನಮಗೆ ನೆನಪಾಗುವುದು 1848ರಲ್ಲಿ ಪುಣೆಯಲ್ಲಿ ಶುರುವಾದ ಹೆಣ್ಣುಮಕ್ಕಳ ಶಾಲೆ. ಅವರ ಬದುಕಿನ ಕೊನೆಯ ಅಧ್ಯಾಯ ಮಾತ್ರ ಒಂದು ಮಹಾಮಾರಿಯದು. ಕೊರೊನಾ ಕಂಡ ನಾವು ಅದನ್ನೂ ಓದಬೇಕು.

1896ರಲ್ಲಿ ಮುಂಬಯಿಯ ಮಾಂಡವಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ಕೆಲವೇ ತಿಂಗಳಲ್ಲಿ ಪುಣೆಗೂ ಬಂತು. ಊರು ಬಿಡಬಲ್ಲವರು ಬಿಟ್ಟರು. 66ರ ಹರೆಯದ ಸಾವಿತ್ರಿಬಾಯಿ ಅಲ್ಲೇ ಉಳಿದರು. ಮಗ ಡಾ. ಯಶವಂತರೊಡನೆ ಹಡಪಸರದ ಬಯಲಿನಲ್ಲಿ ಚಿಕಿತ್ಸಾಲಯ ತೆರೆದು, ರೋಗಿಗಳ ಆರೈಕೆಗೆ ನಿಂತರು.

ಈ ಯಶವಂತ ಯಾರು? ಮೋಸಹೋಗಿ ಗರ್ಭಿಣಿಯಾದ ವಿಧವೆಯರಿಗಾಗಿ ಫುಲೆ ದಂಪತಿ 1863ರಲ್ಲಿ ಒಂದು ಆಶ್ರಯ ತೆರೆದಿದ್ದರು. ಅಂಥ ಒಬ್ಬ ತಾಯಿಯ ಮಗುವನ್ನೇ ದತ್ತು ಪಡೆದು ಓದಿಸಿದರು. ಸಮಾಜಕ್ಕೆ ಬೇಡವಾಗಿದ್ದ ಆ ಕೂಸು ವೈದ್ಯನಾಗಿ, ಅದೇ ಸಮಾಜ ಮುಟ್ಟಲು ಹೆದರಿದವರ ನಾಡಿ ಹಿಡಿಯಿತು.

ಮುಂಢವಾ ಗ್ರಾಮದ ಹೊರಗಿನ ದಲಿತ ಕೇರಿಯ ಹುಡುಗನೊಬ್ಬನಿಗೆ ಪ್ಲೇಗ್ ತಗುಲಿದೆಯೆಂದು ತಿಳಿದಾಗ ಸಾವಿತ್ರಿಬಾಯಿ ಅವನನ್ನು ಬೆನ್ನ ಮೇಲೆ ಹೊತ್ತು ಚಿಕಿತ್ಸಾಲಯಕ್ಕೆ ತಂದರು. ಸೋಂಕು ಅವರಿಗೂ ತಗುಲಿತು. 1897ರ ಮಾರ್ಚ್ 10ರಂದು ತೀರಿಕೊಂಡರು.

ಅದಾದ ಕೆಲವೇ ದಿನಗಳಲ್ಲಿ ಪುಣೆಯ ಮನೆಮನೆಗೆ ಬ್ರಿಟಿಷ್ ಸೈನಿಕರು ನುಗ್ಗಿದರು. ಅಡುಗೆಮನೆ, ದೇವರಕೋಣೆ ಯಾವುದನ್ನೂ ಬಿಡಲಿಲ್ಲ. ಅವರೂ ರೋಗಿಗಳನ್ನೇ ಹುಡುಕುತ್ತಿದ್ದರು. ಆದರೆ ಜನ ಹೆದರಿ ರೋಗವನ್ನೇ ಮುಚ್ಚಿಟ್ಟರು. ಸೈನಿಕರ ಕೈಯಲ್ಲಿ ಅಧಿಕಾರವಿತ್ತು, ಆ ತಾಯಿಯ ಬೆನ್ನಿನಲ್ಲಿ ಭರವಸೆಯಿತ್ತು.

1897ರ ಫೆಬ್ರವರಿಯಲ್ಲಿ ಬಂದ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೇ 2020ರಲ್ಲಿ ನಮ್ಮ ಸರಕಾರಗಳೂ ಬಳಸಿದವು. ನಾವು ಬಾಲ್ಕನಿಯಲ್ಲಿ ನಿಂತು ದಾದಿಯರಿಗಾಗಿ ಚಪ್ಪಾಳೆ ತಟ್ಟಿದೆವು. ಅದೇ ದಿನಗಳಲ್ಲಿ ಎಷ್ಟೋ ಕಡೆ ಬಾಡಿಗೆಗಿದ್ದ ದಾದಿಯರಿಗೆ ಮನೆ ಖಾಲಿ ಮಾಡಲು ಹೇಳಿದರು. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಆ ಏಪ್ರಿಲ್‌ನಲ್ಲಿ ಕಾಯ್ದೆಗೇ ತಿದ್ದುಪಡಿ ತರಬೇಕಾಯಿತು.

ಮಹಾಮಾರಿ ತಾನಾಗಿ ಸಮಾಜವನ್ನು ಬದಲಿಸುವುದಿಲ್ಲ. ನಾವು ಅದಕ್ಕೆ ಮೊದಲು ಹೇಗೆ ಬದುಕಿದ್ದೆವು ಎಂಬುದನ್ನು ತೋರಿಸುತ್ತದೆ. ಸಾವಿತ್ರಿಬಾಯಿ ಆ ಹುಡುಗನನ್ನು ಎತ್ತಿಕೊಂಡದ್ದು ಒಂದು ದಿನದ ಧೈರ್ಯದಿಂದಲ್ಲ. ಅದರ ಹಿಂದೆ ಸುಮಾರು ಐವತ್ತು ವರ್ಷಗಳ ರೂಢಿಯಿತ್ತು. ನಮ್ಮ ಮನೆಗೆಲಸದವಳು, ಕಟ್ಟಡದ ಕಾವಲುಗಾರ, ಪಕ್ಕದ ಮನೆಯ ದಾದಿ ಇವರೊಂದಿಗೆ ನಮ್ಮ ರೂಢಿ ಹೇಗಿದೆ? ಇನ್ನೊಂದು ಮಹಾಮಾರಿ ಬರುವ ಮುನ್ನ ಕೇಳಿಕೊಳ್ಳೋಣ.