ಅಳತೆಯ ಕತೆಗಳು, ಭಾಗ 4: ಗೀಳಿಗೆ ಎಷ್ಟು ಮಾರ್ಕ್ಸ್?

ಪುಸ್ತಕ ನೀಟಾಗಿ ಜೋಡಿಸೋರೆಲ್ಲ "ನಂಗೆ ಸ್ವಲ್ಪ ಒಸಿಡಿ" ಅಂತಾರೆ. ನೀವೂ ಅಂದಿರಬಹುದು. ಆ 'ಸ್ವಲ್ಪ'ವನ್ನು ಅಳೆಯೋಕೆ ಮನೋವೈದ್ಯರು ಎಷ್ಟು ಒದ್ದಾಡಿದ್ದಾರೆ ಗೊತ್ತಾ?

1960ರ ದಶಕದ ಇಂಗ್ಲೆಂಡ್. ಮನೆಯನ್ನು ಅತಿಯಾಗಿ ಒಪ್ಪವಾಗಿಡುವ ಗೃಹಿಣಿಯರ ಅಧ್ಯಯನಕ್ಕಾಗಿ ಜಾನ್ ಕೂಪರ್ ಒಂದು ಪ್ರಶ್ನಾವಳಿ ಮಾಡಿದರು. 1970ರಲ್ಲಿ ಪ್ರಕಟವಾದ ಅದರ ಹೆಸರು ಲೇಟನ್ ಇನ್ವೆಂಟರಿ. 69 ಪ್ರಶ್ನೆ, ಉತ್ತರ ಹೌದು ಅಥವಾ ಇಲ್ಲ. 1977ರಲ್ಲಿ ಹಾಡ್ಜ್‌ಸನ್ ಮತ್ತು ರಾಕ್‌ಮನ್ ಅವರ ಮಾಡ್ಸ್‌ಲಿ ಪಟ್ಟಿ ಬಂತು. 30 ವಾಕ್ಯ, ಸರಿ ಅಥವಾ ತಪ್ಪು.

ಈಗ ಅಂಗಡಿ ತಕ್ಕಡಿ ನೆನಪಿಸಿಕೊಳ್ಳಿ. ಒಂದೇ ಸಕ್ಕರೆ ಪೊಟ್ಟಣ ಹತ್ತು ಸಲ ಇಟ್ಟರೂ ಅದೇ ತೂಕ ತೋರಿಸಿದರೆ, ನಂಬಬಹುದಾದ ತಕ್ಕಡಿ. ಆದರೆ ಹತ್ತು ಸಲವೂ 50 ಗ್ರಾಂ ಕಮ್ಮಿ ತೋರಿಸ್ತಿರಬಹುದಲ್ವಾ? ಮಾಡ್ಸ್‌ಲಿ ಪಟ್ಟಿಯ ಕಷ್ಟವೂ ಹೆಚ್ಚುಕಮ್ಮಿ ಇದೇ. ಪದೇಪದೇ ಕೈ ತೊಳೆಯುವವರಿಗೆ, ಬೀಗ ಜಗ್ಗಿ ನೋಡುವವರಿಗೆ ಅಂಕ ಬರ್ತಿತ್ತು. "ನನ್ನ ಮಗುವಿಗೆ ನಾನೇ ಏನಾದ್ರೂ ಮಾಡಿಬಿಟ್ಟರೆ?" ಅನ್ನೋ ಬೇಡದ ಯೋಚನೆಯಲ್ಲಿ ದಿನವಿಡೀ ಒಳಗೊಳಗೇ ಬೇಯುವ ತಾಯಿಗೆ? ಅವಳು ಬೀಗ ಒಂದೇ ಸಲ ಹಾಕ್ತಾಳೆ. ಸ್ಕೋರ್ ಕಮ್ಮಿ. ಎಷ್ಟು ಸಲ ಕೇಳಿದರೂ ಅಷ್ಟೇ ಕಮ್ಮಿ.

1989ರಲ್ಲಿ ವೇನ್ ಗುಡ್‌ಮನ್ ಮತ್ತು ಸಂಗಡಿಗರು ಲೆಕ್ಕದ ದಾರಿಯನ್ನೇ ಬದಲಿಸಿದರು. ಅವರ ಯೇಲ್-ಬ್ರೌನ್ ಸ್ಕೇಲ್‌ನಲ್ಲಿ ಗೀಳು *ಯಾವುದು* ಅನ್ನೋದಕ್ಕೆ ಬೇರೆ ಪಟ್ಟಿ, ಅದಕ್ಕೆ ಅಂಕವಿಲ್ಲ. ಅಂಕ ಇರೋದು ಅದು ದಿನದ ಎಷ್ಟು ಹೊತ್ತು ತಿನ್ನುತ್ತೆ, ಕೆಲಸಕ್ಕೆ ಎಷ್ಟು ಅಡ್ಡ ಬರುತ್ತೆ, ಎಷ್ಟು ಸಂಕಟ, ಎಷ್ಟು ಎದುರಿಸ್ತೀರಿ, ಎಷ್ಟು ಹಿಡಿತ ಇದೆ ಅನ್ನೋದಕ್ಕೆ. ಯೋಚನೆಗೆ 5 ಪ್ರಶ್ನೆ, ಕ್ರಿಯೆಗೆ 5, ಪ್ರತಿಯೊಂದಕ್ಕೂ 0ಯಿಂದ 4. ಒಟ್ಟು 40. ಆ ತಾಯಿಗೂ ಈಗ ಸ್ಕೋರ್ ಬರುತ್ತೆ! 40 ರೋಗಿಗಳಿಗೆ ನಾಲ್ವರು ಪರೀಕ್ಷಕರು ಅಂಕ ಕೊಟ್ಟಾಗ ಚೆನ್ನಾಗಿ ತಾಳೆಯಾಯಿತು. ನಮ್ಮ ನಿಮ್ಹಾನ್ಸ್‌ನ ಒಸಿಡಿ ಸಂಶೋಧನೆಗಳಲ್ಲೂ ಇದೇ ಸ್ಕೇಲ್ ಬಳಕೆಯಲ್ಲಿದೆ.

ಆದರೂ ಒಂದು ಪ್ರಶ್ನೆ ಕೈಕೊಟ್ಟಿತು: "ಗೀಳಿನ ಯೋಚನೆಯನ್ನು ಎಷ್ಟು ಎದುರಿಸ್ತೀರಿ?" ಹೆಚ್ಚು ಎದುರಿಸಿದರೆ ಕಮ್ಮಿ ಅಂಕ, ಅಂದರೆ ಕಾಯಿಲೆ ಕಮ್ಮಿ ಅಂತ ಲೆಕ್ಕ. ಚಿಕಿತ್ಸೆಯಲ್ಲಿ ಹೇಳಿಕೊಡೋದು ಮಾತ್ರ ಯೋಚನೆ ಜೊತೆ ಗುದ್ದಾಡಬೇಡಿ, ಬಂದು ಹೋಗಲಿ ಬಿಡಿ ಅಂತ. ಪಾಠ ಚೆನ್ನಾಗಿ ಕಲಿತವರಿಗೇ ಕಾಯಿಲೆಯ ಅಂಕ ಏರಬಹುದು! ಉಳಿದ ಪ್ರಶ್ನೆಗಳ ಜೊತೆಗೂ ಅದು ಸರಿಯಾಗಿ ಹೊಂದಲಿಲ್ಲ. 2010ರ ಎರಡನೇ ಆವೃತ್ತಿ ಅದನ್ನು ಕಿತ್ತುಹಾಕಿ, ಗೀಳಿಲ್ಲದೆ ಎಷ್ಟು ಹೊತ್ತು ಇರ್ತೀರಿ ಅಂತ ಕೇಳಿತು. ಒಟ್ಟು ಅಂಕ 50 ಆಯಿತು.

ಇದನ್ನೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, "ನಿಮ್ಮ ಒಸಿಡಿ ಸ್ಕೋರ್ ನೋಡಿ" ಅನ್ನೋ ಎರಡು ನಿಮಿಷದ ಕ್ವಿಜ್‌ಗಳು ನಿಮ್ಮ ಫೀಡ್‌ಗೂ ಬರ್ತಿರುತ್ತವೆ. ಯೇಲ್-ಬ್ರೌನ್ ಹುಟ್ಟಿದ್ದು ಎದುರು ಕೂತು ಮಾಡುವ ಸಂದರ್ಶನವಾಗಿ. ಅದೂ ಕಾಯಿಲೆ ಇದೆಯೋ ಇಲ್ವೋ ಹೇಳೋಕಲ್ಲ, ಇದೆ ಅಂತ ಗೊತ್ತಾದ ಮೇಲೆ ಎಷ್ಟು ಜೋರಾಗಿದೆ ಅಂತ ನೋಡೋಕೆ. ಕ್ವಿಜ್‌ನಲ್ಲಿ 6 ಬಂತು ಅಂತ ಡಾಕ್ಟರ್ ಹತ್ರ ಹೋಗದೆ ಸುಮ್ಮನಾದವರು ನಿಮ್ಮ ಪಕ್ಕದಲ್ಲೇ ಇದ್ದರೆ, ಈ ಪೋಸ್ಟ್ ಅವರಿಗೆ ಕಳಿಸಿ.

ಭಾಗ 5: ಐಕ್ಯೂ.