ಟೆಂಪಲ್ ಚರ್ಚಿನ ಆರ್ಗನ್ ವಾದ್ಯ

ವೀಣೆಯನ್ನಾಗಲಿ ಪಿಟೀಲನ್ನಾಗಲಿ ವಿದ್ವಾಂಸನು ತಾನು ಹೋದೆಡೆಗೆಲ್ಲ ಕೊಂಡೊಯ್ಯಬಹುದು. ಪಾಶ್ಚಾತ್ಯ ದೇಶಗಳ ಚರ್ಚುಗಳಲ್ಲಿರುವ ಕೊಳವೆಯ ಆರ್ಗನ್ ಎಂಬ ಮಹಾವಾದ್ಯವಾದರೋ ಹಾಗಲ್ಲ. ಅದು ಕಟ್ಟಡದ ಒಂದು ಅಂಗವೇ ಸರಿ. ಅಂತಹ ವಾದ್ಯವನ್ನು ಅದು ಹುಟ್ಟಿದ ಸ್ಥಳದಿಂದ ಕಿತ್ತು ಬೇರೊಂದು ಮಂದಿರದಲ್ಲಿ ನಿಲ್ಲಿಸಿದರೆ ಏನಾಗುತ್ತದೆ? ಈ ಪ್ರಶ್ನೆಗೆ ಲಂಡನ್ ನಗರದ ಟೆಂಪಲ್ ಚರ್ಚಿನ ಚರಿತ್ರೆಯು ಸೊಗಸಾದ ಉತ್ತರವನ್ನು ಕೊಡುತ್ತದೆ.

ಮೊದಲು ವಾದ್ಯದ ಸ್ವರೂಪವನ್ನು ಅರಿಯೋಣ. ನಮ್ಮಲ್ಲಿ ಬಳಕೆಯಲ್ಲಿರುವ ಹಾರ್ಮೋನಿಯಮ್ಮಿನಲ್ಲಿ ಹಿತ್ತಾಳೆಯ ನಾಲಗೆಗಳು ಗಾಳಿಯಿಂದ ಮಿಡಿದು ಸ್ವರ ಕೊಡುತ್ತವೆ. ಆರ್ಗನ್ನಿನಲ್ಲಿ ಒಂದೊಂದು ಸ್ವರಕ್ಕೂ ಒಂದೊಂದು ಕೊಳವೆ. ಒಂದೊಂದು ಬಗೆಯ ನಾದಕ್ಕೂ ಕೊಳವೆಗಳ ಒಂದೊಂದು ಸಾಲು. ದೊಡ್ಡ ವಾದ್ಯಗಳಲ್ಲಿ ಇವುಗಳ ಸಂಖ್ಯೆ ಸಾವಿರಗಳನ್ನು ಮುಟ್ಟುತ್ತದೆ. ಕೆಲವು ಪೆನ್ಸಿಲಿನಷ್ಟು ಸಣ್ಣವು, ಕೆಲವು 32 ಅಡಿ ಎತ್ತರದವು. ತಿದಿಯ ಗಾಳಿಯ ಒತ್ತಡವನ್ನು ನಿರ್ಣಯಿಸಿ, ಕೊಳವೆಯ ಬಾಯನ್ನು ಕೂದಲೆಳೆಯಷ್ಟು ತಿದ್ದಿ, ಕುಶಲಿಯಾದ ಕರ್ಮಿಯು ಅದಕ್ಕೆ ಕಂಠವನ್ನು ಕೊಡುತ್ತಾನೆ. ಕಲ್ಲಿನ ಗೋಡೆ ನಾದವನ್ನು ಹಿಂದಿರುಗಿಸುತ್ತದೆ, ಮರವೂ ಪರದೆಯೂ ಅದನ್ನು ನುಂಗುತ್ತವೆ. ಆದಕಾರಣ ಈ ಕಂಠವನ್ನು ಮಂದಿರದ ಗುಣವನ್ನು ನೋಡಿಯೇ ಹದಗೊಳಿಸಬೇಕು.

ಇಷ್ಟಾದರೂ ಆರ್ಗನ್ನುಗಳು ಸ್ಥಳಾಂತರ ಹೊಂದಿರುವುದು ಅಪೂರ್ವವೇನಲ್ಲ. ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜಿಗಾಗಿ ಕಟ್ಟಿದ ವಾದ್ಯವೊಂದನ್ನು ಕ್ರಾಮ್ವೆಲ್ಲನ ಕಾಲದಲ್ಲಿ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಸಾಗಿಸಲಾಯಿತು. ರಾಜಪ್ರಭುತ್ವ ಮರಳಿದ ಮೇಲೆ ಅದು ಕಾಲೇಜಿಗೆ ಹಿಂದಿರುಗಿ, 1737ರಲ್ಲಿ ಟ್ಯೂಕ್ಸ್‌ಬರಿಯ ಚರ್ಚಿಗೆ ಸೇರಿತು. ಚರ್ಚುಗಳಿಂದ ಆರ್ಗನ್ನುಗಳನ್ನು ತೆಗೆಯಬೇಕೆಂದು 1644ರಲ್ಲಿ ಪಾರ್ಲಿಮೆಂಟು ಆಜ್ಞೆ ಮಾಡಿದ್ದ ಯುಗದಲ್ಲಿ ಅರಮನೆಯ ಆಶ್ರಯವೇ ಆ ವಾದ್ಯವನ್ನು ಉಳಿಸಿತೆನ್ನಬಹುದು.

ಇನ್ನು ಟೆಂಪಲ್ ಚರ್ಚಿನ ವಿಷಯ. ಟೆಂಪ್ಲರ್ ಎಂಬ ಯೋಧ-ಸಂನ್ಯಾಸಿಗಳು ಕಟ್ಟಿದ ಇದರ ವೃತ್ತಾಕಾರದ ಭಾಗವು 1185ರಲ್ಲಿ ಪ್ರತಿಷ್ಠಿತವಾಯಿತು. 1608ರಿಂದ ಇದರ ಪಾಲನೆಯು ಇನ್ನರ್ ಟೆಂಪಲ್, ಮಿಡ್ಲ್ ಟೆಂಪಲ್ ಎಂಬ ಎರಡು ನ್ಯಾಯವಾದಿಗಳ ಸಂಘಗಳ ಕೈಯಲ್ಲಿದೆ. ನ್ಯಾಯವಾದಿಗಳು ಒಪ್ಪಿದ ಮಂದಿರದಲ್ಲಿ ವ್ಯಾಜ್ಯವಿಲ್ಲದಿರುವುದುಂಟೇ? 1680ರ ದಶಕದಲ್ಲಿ ಹೊಸ ಆರ್ಗನ್ ಬೇಕಾದಾಗ ಬರ್ನಾರ್ಡ್ ಸ್ಮಿತ್, ರೆನಾಟಸ್ ಹ್ಯಾರಿಸ್ ಎಂಬ ಇಬ್ಬರು ನಿರ್ಮಾಪಕರು ಚರ್ಚಿನೊಳಗೇ ತಮ್ಮ ತಮ್ಮ ವಾದ್ಯಗಳನ್ನು ನಿಲ್ಲಿಸಿ ಸ್ಪರ್ಧೆಗಿಳಿದರು. ಸ್ಮಿತ್ತನ ಪರವಾಗಿ ಬ್ಲೋ ಮತ್ತು ಪರ್ಸೆಲ್, ಹ್ಯಾರಿಸನ ಪರವಾಗಿ ಇಟಲಿಯ ದ್ರಾಗಿ ನುಡಿಸಿದರು. ಎದುರಾಳಿಯ ತಿದಿಗಳನ್ನು ರಾತ್ರೋರಾತ್ರಿ ಕೊಯ್ದರೆಂಬ ಕಥೆಯೂ ಉಂಟು. ಕೊನೆಗೆ 1688ರಲ್ಲಿ ಸ್ಮಿತ್ತನಿಗೆ ಜಯ ದೊರೆಯಿತು. ಅವನ ವಾದ್ಯದ ಒಂದು ವೈಶಿಷ್ಟ್ಯವು ನಮ್ಮ ಶ್ರುತಿಜ್ಞರಿಗೆ ರುಚಿಸೀತು: ಸಾಮಾನ್ಯವಾಗಿ ಒಂದೇ ಕರಿಯ ಮನೆಯಲ್ಲಿ ಅಡಗುವ ಎರಡು ಸಮೀಪ ಸ್ವರಗಳಿಗೆ, ಎರಡು ಕಡೆಗಳಲ್ಲಿ, ಅವನು ಬೇರೆ ಬೇರೆ ಮನೆಗಳನ್ನು ಇಟ್ಟಿದ್ದನು. ಸೋತ ಹ್ಯಾರಿಸನ ವಾದ್ಯವೂ ವ್ಯರ್ಥವಾಗಲಿಲ್ಲ. ಅದರ ಭಾಗಗಳು ಲಂಡನ್ನಿನ ಹೋಬರ್ನಿಗೂ ಐರ್ಲೆಂಡಿನ ಡಬ್ಲಿನ್ನಿಗೂ ಹೋದವೆಂದು ಪರಂಪರೆಯು ಹೇಳುತ್ತದೆ.

ಸ್ಮಿತ್ತನ ಆರ್ಗನ್ನು ಹಲವು ಸಲ ಪುನರ್ನಿರ್ಮಾಣಗೊಳ್ಳುತ್ತ ಇಪ್ಪತ್ತನೆಯ ಶತಮಾನದವರೆಗೆ ಬಾಳಿತು. 1927ರಲ್ಲಿ ಎರ್ನೆಸ್ಟ್ ಲಫ್ ಎಂಬ ಬಾಲಕನು ಅಲ್ಲಿ ಹಾಡಿದ ಮೆಂಡೆಲ್‌ಸೋನನ ಕೃತಿಯ ಗ್ರಾಮಫೋನ್ ತಟ್ಟೆ ಲೋಕಪ್ರಸಿದ್ಧವಾಯಿತು. ಆಗ ಆರ್ಗನ್ ನುಡಿಸಿದವರು ಜಾರ್ಜ್ ಥಾಲ್ಬೆನ್-ಬಾಲ್. 1941ರ ಮೇ 10ರ ರಾತ್ರಿ ಜರ್ಮನ್ ವಿಮಾನಗಳು ಸುರಿಸಿದ ಬೆಂಕಿಬಾಂಬುಗಳಿಂದ ಚರ್ಚು ಉರಿಯಿತು. ಪರ್ಬೆಕ್ ಶಿಲೆಯ ಕಂಬಗಳು ಕಾವಿಗೆ ಸೀಳಿದವು; ಆರ್ಗನ್ನು ಬೂದಿಯಾಯಿತು. ಎರಡೂವರೆ ಶತಮಾನಗಳ ನಾದದಲ್ಲಿ ಉಳಿದದ್ದು ಆ ತಟ್ಟೆಗಳಲ್ಲಿ ಸೆರೆಯಾದಷ್ಟೇ.

ಯುದ್ಧಾನಂತರ ವಾಲ್ಟರ್ ಗಾಡ್‌ಫ್ರೇ ಎಂಬ ಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಚರ್ಚು ಮತ್ತೆ ತಲೆಯೆತ್ತಿತು. ಕಲ್ಲನ್ನು ಕಲ್ಲಿನಿಂದ ತುಂಬಬಹುದು. ಹೋದ ಕಂಠವನ್ನು ತುಂಬುವುದು ಹೇಗೆ? ನೆರವು ಬಂದದ್ದು ಸ್ಕಾಟ್ಲೆಂಡಿನಿಂದ. ಆಬರ್ಡೀನ್ ಪ್ರಾಂತದ ಗ್ಲೆನ್ ಟ್ಯಾನರ್ ಭವನದಲ್ಲಿ ಸಂಗೀತಪ್ರೇಮಿಯಾದ ಲಾರ್ಡ್ ಗ್ಲೆನ್‌ಟ್ಯಾನರ್ ತನ್ನ ನೃತ್ಯಶಾಲೆಗಾಗಿ ಡರ್ಹಮ್ ಊರಿನ ಹ್ಯಾರಿಸನ್ ಮತ್ತು ಹ್ಯಾರಿಸನ್ ಅವರಿಂದ ಆರ್ಗನ್ನೊಂದನ್ನು ಕಟ್ಟಿಸಿದ್ದನು. ಅದೇ 1927ರಲ್ಲಿ ಪ್ಯಾರಿಸ್ಸಿನ ಮಾರ್ಸೆಲ್ ದ್ಯುಪ್ರೇ ಅದನ್ನು ನುಡಿಸಿ ಉದ್ಘಾಟಿಸಿದ್ದರು. ಆ ಶಾಲೆಯ ಛಾವಣಿಯ ತುಂಬ ಸಾರಂಗದ ಕವಲುಗೊಂಬುಗಳು. ನಾದವು ಅವುಗಳ ನಡುವೆ ಹರಡಿ ಅಡಗಿಹೋಗುತ್ತಿತ್ತು. ಈ ವಾದ್ಯವನ್ನೇ ಲಾರ್ಡ್ ಗ್ಲೆನ್‌ಟ್ಯಾನರ್ ಟೆಂಪಲ್ ಚರ್ಚಿಗೆ ದಾನವಾಗಿ ಕೊಟ್ಟನು.

ಇಂತಹ ಸಾಗಣೆಯು ಮನೆಸಾಮಾನನ್ನು ಸಾಗಿಸಿದಂತಲ್ಲ. ಕೊಳವೆಗಳನ್ನೆಲ್ಲ ಬಿಚ್ಚಿ ಗುರುತು ಹಾಕಬೇಕು. ಗಾಳಿಯ ಪೆಟ್ಟಿಗೆ, ತಿದಿ, ಕೀಲಿಮಣೆಗಳನ್ನು ಹೊಸ ಎಡೆಗೆ ಹೊಂದಿಸಬೇಕು. ಕೊನೆಗೆ ಸಾಲುಸಾಲಾಗಿ ಶ್ರುತಿಗೂಡಿಸಬೇಕು. ಟೆಂಪಲ್ಲಿನಲ್ಲಿ ವಾದ್ಯವು ಉತ್ತರ ಪಾರ್ಶ್ವದ ಕೋಣೆಯಲ್ಲಿ ನೆಲೆಗೊಂಡಿತು. ಅದನ್ನು ಕಟ್ಟಿದ ಸಂಸ್ಥೆಯೇ ಮತ್ತೆ ಜೋಡಿಸಿದ್ದು ದೊಡ್ಡ ಅನುಕೂಲ. ಮರದ ಶಾಲೆಯಲ್ಲಿ ಪ್ರತಿಧ್ವನಿಯ ಆಸರೆಯಿಲ್ಲದೆ ತನ್ನ ಬಲದಿಂದಲೇ ತುಂಬಿ ನುಡಿಯಬೇಕಾಗಿದ್ದ ವಾದ್ಯಕ್ಕೆ ಕಲ್ಲಿನ ಕಮಾನುಗಳು ಈಗ ಜೊತೆಗೂಡಿದವು. 1954ರ ಮಾರ್ಚಿಯಲ್ಲಿ ಚರ್ಚು ಪುನಃ ತೆರೆದಾಗ ಅದನ್ನು ನುಡಿಸಿದವರು, ಹಳೆಯ ವಾದ್ಯದ ಜೊತೆ ಯೌವನವನ್ನು ಕಳೆದ ಅದೇ ಥಾಲ್ಬೆನ್-ಬಾಲ್.

2011ರಲ್ಲಿ ವಾದ್ಯವು ಡರ್ಹಮ್ಮಿಗೆ ಹೋಗಿ ದುರಸ್ತಿ ಹೊಂದಿ 2013ರಲ್ಲಿ ಮರಳಿತು. 2014ರ ‘ಇಂಟರ್‌ಸ್ಟೆಲ್ಲರ್’ ಚಲಚ್ಚಿತ್ರದ ಸಂಗೀತಕ್ಕೂ ಇದರ ಧ್ವನಿಯನ್ನೇ ಬಳಸಲಾಯಿತು. ನಕ್ಷತ್ರಲೋಕದ ಆ ಗಂಭೀರ ನಾದವು ಒಂದು ಕಾಲಕ್ಕೆ ನೃತ್ಯಶಾಲೆಯದಾಗಿತ್ತೆಂದು ಕೇಳಿದವರಲ್ಲಿ ಎಷ್ಟು ಮಂದಿ ಬಲ್ಲರು!

ಇದರಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ವಾದ್ಯಕ್ಕೆ ಹುಟ್ಟಿದ ಮನೆಯೊಂದೇ ಮನೆಯಲ್ಲ. ಹೋದ ಮನೆಯನ್ನೂ ತನ್ನದಾಗಿಸಿಕೊಳ್ಳಬಲ್ಲದು. ಆದರೆ ಅದಕ್ಕೆ ಕೊಡುವವನ ಔದಾರ್ಯದಷ್ಟೇ ಜೋಡಿಸುವವನ ಕಿವಿಯೂ ಬೇಕು. ಭಸ್ಮವಾದ ನಾದವನ್ನು ಯಾರೂ ಹಿಂದಕ್ಕೆ ತರಲಾರರು. ಆ ಮೌನವನ್ನು ಯೋಗ್ಯವಾದ ಇನ್ನೊಂದು ನಾದದಿಂದ ತುಂಬುವುದಷ್ಟೇ ಮನುಷ್ಯಸಾಧ್ಯ. ಟೆಂಪಲ್ ಚರ್ಚಿನವರು ಅದನ್ನು ಸಾಧಿಸಿದರು.