‘ಕೂ’ ಎಂಬ ಜಾಲಸಭೆಯ ಉದಯಾಸ್ತಮಾನ

ಕನ್ನಡದ ಮೊದಲನೆಯ ವೃತ್ತಪತ್ರಿಕೆಯು ಮಂಗಳೂರಿನಲ್ಲಿ ಹುಟ್ಟಿ, ವರ್ಷ ತುಂಬುವುದರೊಳಗೆ ಈ ಊರನ್ನು ಬಿಟ್ಟುಹೋಯಿತೆಂಬುದು ವಾಚಕರು ಬಲ್ಲ ಸಂಗತಿಯೇ. 1843ನೆಯ ಇಸವಿ ಜುಲೈ 1ರಂದು ಬಾಸೆಲ್ ಮಿಷನ್ನಿನ ಪಾದ್ರಿ ಹೆರ್ಮನ್ ಮೊಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಹೊರಡಿಸಿದರು. ಪಕ್ಷಕ್ಕೊಮ್ಮೆ ಬರುತ್ತಿದ್ದ ಆ ಹಾಳೆಗಳಲ್ಲಿ ಊರ ವರ್ತಮಾನ, ಸರಕಾರದ ನಿರೂಪ, ಪರರಾಜ್ಯಗಳ ಸುದ್ದಿ, ಕಥೆ ಇವೆಲ್ಲ ಇರುತ್ತಿದ್ದುವು. 1844ರಲ್ಲಿ ಪತ್ರಿಕೆಯು ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವೆಂಬ ಹೆಸರಿನಿಂದ ಸ್ವಲ್ಪಕಾಲ ನಡೆದು ನಿಂತಿತು. ಅದಕ್ಕೆ ಹಣವೆಲ್ಲಿಂದ ಬಂತು, ಹಣವಿತ್ತವರ ಮನೋಗತವೇನು ಎಂದು ಯಾರೂ ಊಹಿಸಬೇಕಾಗಿರಲಿಲ್ಲ. ಮಿಷನ್ನಿನ ಮುಖ್ಯೋದ್ದೇಶವು ಮತಪ್ರಚಾರವೆಂಬುದು ಊರಿಗೆಲ್ಲ ತಿಳಿದಿತ್ತು. ಓದುವವನು ಅದನ್ನರಿತೇ ಓದಬಹುದಾಗಿತ್ತು.

ಯಂತ್ರಬುದ್ಧಿಯ ಬಲದಿಂದ ಜನರನ್ನು ಒಂದುಗೂಡಿಸುವೆವೆಂದು ಈಗ ಹೊಸ ಹೊಸ ಸಾಮಾಜಿಕ ಜಾಲಗಳನ್ನು ಸ್ಥಾಪಿಸುತ್ತಿರುವ ಉದ್ಯಮಿಗಳ ವಿಷಯದಲ್ಲಿ ಮೂಲವು ಅಷ್ಟು ಸುಲಭವಾಗಿ ಗೋಚರಿಸುವುದಿಲ್ಲ. ನಿದರ್ಶನಕ್ಕಾಗಿ ಅಮೆರಿಕದವರೆಗೆ ಹೋಗಬೇಕಾದುದಿಲ್ಲ; ಕನ್ನಡದಲ್ಲಿಯೇ ಮೊದಲು ಕಣ್ದೆರೆದ ‘ಕೂ’ವಿನ ಚರಿತ್ರೆಯೇ ಸಾಕು.

‘ಕೂ’ವಿನ ಸ್ಥಾಪಕರು ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿದಾವತ್ಕ ಎಂಬ ಇಬ್ಬರು. ಅಪ್ರಮೇಯರು ಸುರತ್ಕಲ್ಲಿನಲ್ಲಿ ಇಂಜಿನಿಯರಿಂಗ್ ವಿದ್ಯೆಯನ್ನು ಕಲಿತವರು. ‘ಟ್ಯಾಕ್ಸಿಫಾರ್‌ಶೂರ್’ ಎಂಬ ಬಾಡಿಗೆ ಕಾರುಗಳ ಸಂಸ್ಥೆಯನ್ನು ಕಟ್ಟಿ 2015ರಲ್ಲಿ ಓಲಾ ಕಂಪೆನಿಗೆ ಮಾರಿದವರಲ್ಲಿ ಒಬ್ಬರು. 2020ರ ಆರಂಭದಲ್ಲಿ ಬೆಂಗಳೂರಿನಿಂದ ಹೊರಟ ‘ಕೂ’ ಮೊದಲು ಕನ್ನಡದಲ್ಲಿ ನುಡಿಯಿತು. ತರುವಾಯ ಹಿಂದಿ, ತಮಿಳು, ತೆಲುಗು ಮೊದಲಾದ ಭಾಷೆಗಳಿಗೆ ಹರಡಿತು. ಟ್ವಿಟರಿನ ಸಭೆಯಲ್ಲಿ ಇಂಗ್ಲಿಷು ಬಾರದವನಿಗೆ ಮಣೆಯಿಲ್ಲವೆಂಬ ಅವರ ಎಣಿಕೆಯು ಸರಿಯಾದುದೇ ಆಗಿತ್ತು. ತನ್ನ ಮಾತಿಗೆ ತನ್ನ ಲಿಪಿಯಲ್ಲಿ ಉತ್ತರವನ್ನು ಪಡೆಯುವ ಸಂತೋಷವು ಸಾಮಾನ್ಯವಾದುದಲ್ಲ. ಈ ಯಶಸ್ಸನ್ನು ಅವರಿಂದ ಯಾರೂ ಕಸಿದುಕೊಳ್ಳಲಾರರು.

ಆದರೆ ಆ ಸಭೆಯು ಬೆಳೆದ ಬಗೆಯನ್ನು ನೋಡಬೇಕು. 2020ರ ಆಗಸ್ಟಿನಲ್ಲಿ ಕೇಂದ್ರ ಸರಕಾರದ ‘ಆತ್ಮನಿರ್ಭರ’ ಆ್ಯಪ್ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ದೊರೆಯಿತು. 2021ರ ಫೆಬ್ರವರಿಯಲ್ಲಿ, ರೈತರ ಚಳವಳಿಯ ಸಂಬಂಧವಾದ ಬರೆಹಗಳನ್ನು ತಡೆಯುವ ವಿಷಯದಲ್ಲಿ ಸರಕಾರಕ್ಕೂ ಟ್ವಿಟರಿಗೂ ವಿರಸವುಂಟಾದಾಗ ಮಂತ್ರಿಗಳೂ ಇಲಾಖೆಗಳೂ ‘ಕೂ’ವಿಗೆ ಬಂದುವು. ಸ್ವದೇಶಿಯೆಂದು ಕೊಂಡಾಡಲ್ಪಟ್ಟ ಈ ಸಂಸ್ಥೆಯಲ್ಲಿ ಚೀನದ ಶುನ್ವೆಯಿ ಎಂಬ ಬಂಡವಾಳಗಾರರಿಗೂ ಕಿರಿದಾದೊಂದು ಪಾಲಿದೆಯೆಂಬುದು ಆಗಲೇ ಲೋಕದ ಬಾಯಿಗೆ ಬಿತ್ತು. ಮುಂದಿನ ತಿಂಗಳು ಆ ಪಾಲನ್ನು ಜಾವಗಲ್ ಶ್ರೀನಾಥರೇ ಮೊದಲಾದ ಭಾರತೀಯರು ಕೊಂಡರು. ಮೇ ತಿಂಗಳಿನಲ್ಲಿ ಅಮೆರಿಕದ ಟೈಗರ್ ಗ್ಲೋಬಲ್ ಸಂಸ್ಥೆಯ ಮುಂದಾಳುತನದಲ್ಲಿ 3 ಕೋಟಿ ಡಾಲರು ಬಂತು. ಸ್ವದೇಶಿಯ ಹಾಡು ಒಂದೆಡೆ, ಪರದೇಶದ ದ್ರವ್ಯ ಮತ್ತೊಂದೆಡೆ! ಜೂನಿನಲ್ಲಿ ನೈಜೀರಿಯಾ ಸರಕಾರವು ಟ್ವಿಟರನ್ನು ತಡೆದು ‘ಕೂ’ವನ್ನು ಸೇರಿತು. 2022ರ ಕೊನೆಗೆ ಇಲಾನ್ ಮಸ್ಕರು ಟ್ವಿಟರನ್ನು ಕೊಂಡ ಗದ್ದಲದಲ್ಲಿ ಬ್ರಜಿಲಿನವರು ಗುಂಪುಗುಂಪಾಗಿ ಬಂದರು. ಅವರ ನುಡಿಯಲ್ಲಿ ಆ ಹೆಸರಿಗೆ ಸಭ್ಯರು ಹೇಳಬಾರದ ಅರ್ಥವಿದ್ದುದು ಅಲ್ಲಿಯ ತರುಣರಿಗೆ ದೊಡ್ಡ ವಿನೋದವಾಯಿತು. ಈ ಪ್ರವಾಹಗಳಿಗೆಲ್ಲ ನಿಮಿತ್ತವಾದುದು ಟ್ವಿಟರಿನ ಮನೆಯ ಕಲಹ. ನೆರೆಮನೆಯ ಜಗಳದಿಂದ ಬಂದ ನೆಂಟರು ಜಗಳ ಮುಗಿದೊಡನೆ ಹೊರಡುವುದು ಲೋಕರೂಢಿ.

ಯಂತ್ರಬುದ್ಧಿಯ ಪ್ರವೇಶವೂ ಇಲ್ಲಿ ವಿಚಾರಾರ್ಹವಾಗಿದೆ. ಒಂದು ಭಾಷೆಯಲ್ಲಿ ಬರೆದುದನ್ನು ಇತರ ಭಾಷೆಗಳಿಗೆ ಯಂತ್ರವೇ ಪರಿವರ್ತಿಸುವ ಸೌಕರ್ಯವನ್ನು ‘ಕೂ’ ಒದಗಿಸಿತ್ತು. ಅದು ಉಪಯುಕ್ತವಾದ ಕಾರ್ಯ. ಆದರೆ 2023ರ ಮಾರ್ಚಿಯಲ್ಲಿ, ಬರೆಯುವವರಿಗೆ ಸಹಾಯವೆಂದು, ಚಾಟ್‌ಜಿಪಿಟಿ ಎಂಬ ಯಂತ್ರಲೇಖಕನನ್ನೇ ಸಭೆಯೊಳಗೆ ಕರೆತಂದು ಕುಳ್ಳಿರಿಸಿದರು. ಕನ್ನಡಿಗನು ತನ್ನ ಮಾತನ್ನು ತಾನೇ ಆಡಲೆಂದು ತೆರೆದ ಚಾವಡಿಯಲ್ಲಿ ಅವನಿಗಾಗಿ ಯಂತ್ರವು ಮಾತು ಹೊಸೆಯುವುದಾದರೆ, ಚಾವಡಿ ಯಾರಿಗಾಗಿ? ಅದೇ ವರ್ಷದ ಏಪ್ರಿಲಿನ ಹೊತ್ತಿಗೆ ಕೆಲಸಗಾರರಲ್ಲಿ ನೂರಕ್ಕೆ ಸುಮಾರು 30 ಮಂದಿಯನ್ನು ಬಿಡಿಸಿಯಾಗಿತ್ತೆಂಬುದು ಹೊರಬಿತ್ತು. ಇನ್‌ಸ್ಟಾಗ್ರಾಮನ್ನು ಕಟ್ಟಿದ ಇಬ್ಬರು ಘಟಾನುಘಟಿಗಳೂ 2023ರ ಜನವರಿಯಲ್ಲಿ ‘ಆರ್ಟಿಫ್ಯಾಕ್ಟ್’ ಎಂಬ ಯಂತ್ರಬುದ್ಧಿಯ ವಾರ್ತಾಜಾಲವನ್ನು ಆರಂಭಿಸಿ, ವರ್ಷ ಕಳೆಯುತ್ತಲೇ ಅದನ್ನು ಮುಚ್ಚುವೆವೆಂದು ಸಾರಿದರು. ಯಂತ್ರಬುದ್ಧಿಯಿದ್ದ ಮಾತ್ರಕ್ಕೆ ಜನ ನಿಲ್ಲುವುದಿಲ್ಲ. ಆದರೆ ಜನರ ಮಾತಿಗೆ ಮಾತ್ರ ಬೇರೊಂದು ಪೇಟೆ ತೆರೆದಿದೆ: 2024ರ ಫೆಬ್ರವರಿಯಲ್ಲಿ ರೆಡ್ಡಿಟ್ ಎಂಬ ಜಾಲವು ತನ್ನಲ್ಲಿ ಜನರು ಆಡಿದ ಮಾತುಗಳನ್ನು ಯಂತ್ರಗಳ ಶಿಕ್ಷಣಕ್ಕಾಗಿ ಗೂಗಲಿಗೆ ಒದಗಿಸುವ ಒಪ್ಪಂದವನ್ನು ಮಾಡಿಕೊಂಡಿತು. ಮಾತನಾಡಿದವನು ಆ ಕ್ರಯವಿಕ್ರಯದಲ್ಲಿ ಕ್ರೇತೃವೂ ಅಲ್ಲ, ವಿಕ್ರೇತೃವೂ ಅಲ್ಲ.

2024ರ ಜುಲೈ 3ರಂದು ‘ಕೂ’ವಿನ ಸ್ಥಾಪಕರು ಸಭೆಯನ್ನು ವಿಸರ್ಜಿಸುವುದಾಗಿ ಪ್ರಕಟಿಸಿದರು. ಉಚ್ಛ್ರಾಯದಲ್ಲಿ ದಿನಕ್ಕೆ ಸುಮಾರು 21 ಲಕ್ಷ, ತಿಂಗಳಿಗೆ ಸುಮಾರು 1 ಕೋಟಿ ಜನರು ಬರುತ್ತಿದ್ದರೆಂದು ಅವರೇ ತಿಳಿಸಿದರು. ಬಂಡವಾಳದ ಕ್ಷಾಮ, ದೊಡ್ಡ ಕಂಪೆನಿಗಳೊಡನೆ ನಡೆದ ಮಾತುಕತೆಯ ವೈಫಲ್ಯ, ಯಂತ್ರಸೇವೆಯ ದುಬಾರಿ ವೆಚ್ಚ ಇವು ಅವರು ಕೊಟ್ಟ ಕಾರಣಗಳು. ಆ ಕೋಟಿ ಜನರಿಗೆ ಈ ನಿರ್ಣಯದಲ್ಲಿ ಮತವಿರಲಿಲ್ಲ. ಸಭೆಯ ವೆಚ್ಚವನ್ನು ಅವರು ಕೊಟ್ಟಿರಲಿಲ್ಲ. ಆದುದರಿಂದ ಉಳಿಸೆಂದು ಕೇಳುವ ಅಧಿಕಾರವೂ ಅವರಿಗೆ ಬರಲಿಲ್ಲ.

ಮೊಗ್ಲಿಂಗರ ಪತ್ರಿಕೆಯೂ ಅಲ್ಪಾಯುಷಿಯೇ. ಆದರೆ ಹಾಳೆಯು ಒಮ್ಮೆ ಓದುಗನ ಕೈಸೇರಿದ ಮೇಲೆ ಅದನ್ನು ಮರಳಿ ಪಡೆಯುವ ಶಕ್ತಿ ಮಿಷನ್ನಿಗೂ ಇರಲಿಲ್ಲ; ಅದರ ಸಂಚಿಕೆಗಳನ್ನು ಇಂದಿಗೂ ಓದಬಹುದು. ಪತ್ರಿಕೆ ಹೋದರೂ ಮಂಗಳೂರಿನ ಮುದ್ರಣಕಾರ್ಯವು ನಿಲ್ಲಲಿಲ್ಲ: ಕಿಟ್ಟೆಲ್ಲರ ಮಹಾನಿಘಂಟು 1894ರಲ್ಲಿ ಹೊರಬಿದ್ದುದು ಬಾಸೆಲ್ ಮಿಷನ್ನಿನ ಇಲ್ಲಿಯ ಪುಸ್ತಕಾಲಯದಿಂದಲೇ.

‘ಕೂ’ವಿನ ಸ್ಥಾಪಕರಲ್ಲೊಬ್ಬರಾದ ಬಿದಾವತ್ಕರು 2025ರಲ್ಲಿ ‘ಪಿಕ್‌ಸೀ’ ಎಂಬ ಮತ್ತೊಂದು ಆ್ಯಪನ್ನು ಹೊರತಂದಿದ್ದಾರೆ. ಮೊಬೈಲಿನಲ್ಲಿರುವ ಭಾವಚಿತ್ರಗಳಲ್ಲಿ ಯಾರ ಮುಖ ಯಾವುದೆಂಬುದನ್ನು ಯಂತ್ರಬುದ್ಧಿಯಿಂದ ಗುರುತಿಸಿ, ಗೆಳೆಯರ ಚಿತ್ರಗಳನ್ನು ಗೆಳೆಯರಿಗೆ ತಲಪಿಸುವುದು ಅದರ ಕಾರ್ಯ. ಇದಕ್ಕೂ ಬಂಡವಾಳಗಾರರ ಲಕ್ಷಾಂತರ ಡಾಲರುಗಳ ಬೆಂಬಲವಿದೆ.